ಲಕ್ಷ ಡಾಲರ್‌ಗೂ ಜಗ್ಗದ ಗಡ್ಡದ ಗಾಯಕ!

'ದಿ ಜಾಝ್ ಸಿಂಗರ್' ಹೆಸರು ಕೇಳದ ಚಿತ್ರರಸಿಕ ಯಾರಿದ್ದಾನೆ ಹೇಳಿ? ಮೂಕಿಚಿತ್ರದ ಬಾಯಿಗೆ ಮಾತು ಕೊಟ್ಟ ಚಿತ್ರ. 1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ತೆರೆ ಕಂಡಿತು. ಹೀರೋ ಆಲ್ ಜಾಲ್ಸನ್. ಅಲ್ಲಿಂದ ನಾಲ್ಕೇ ವರ್ಷಕ್ಕೆ ನಮ್ಮ 'ಆಲಂ ಆರಾ', ಏಳು ವರ್ಷಕ್ಕೆ ಕನ್ನಡದ 'ಸತಿ ಸುಲೋಚನ'. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ಆ ಚಿತ್ರದ ನಡುವೆ ಒಬ್ಬ ಗಿಡ್ಡ ಆಳು ಬಂದುಹೋಗುತ್ತಾನೆ, ಗಮನಿಸಿದ್ದೀರಾ? ತಲೆಗೆ ಟೋಪಿ, ಎದೆ ತುಂಬ ಕರಿ ಗಡ್ಡ. ಬರುತ್ತಾನೆ, ನಿಲ್ಲುತ್ತಾನೆ, ಒಂದು ಹಾಡು ಹೇಳುತ್ತಾನೆ, ಮುಗೀತು. ಡೈಲಾಗಿಲ್ಲ, ಫೈಟಿಲ್ಲ, ಹೀರೋಯಿನ್ ಕಡೆ ಕಣ್ಣೆತ್ತಿ ನೋಡುವುದೂ ಇಲ್ಲ. ಆದರೆ ಅವನು ಹಾಡುವಾಗ ಹೀರೋನೇ ಪ್ರೇಕ್ಷಕರ ಸಾಲಿನಲ್ಲಿ ಕೂತು ಕೇಳುತ್ತಾನೆ!

ಅವನೇ ಯೋಸೆಲೆ ರೋಸೆನ್‌ಬ್ಲಾಟ್. ವೃತ್ತಿಯಲ್ಲಿ ಕ್ಯಾಂಟರ್. ಆ ಕಾಲದ ಅಮೆರಿಕದಲ್ಲಿ 'ಯಹೂದಿಗಳ ಕರುಸೊ' ಅಂತ ಕರೆಸಿಕೊಂಡವನು. (ಎನ್ರಿಕೊ ಕರುಸೊ ಅಂದರೆ ಇಟಲಿಯ ಒಪೆರಾ ಗಾಯಕ, ಆಗಿನ ಜಗತ್ತಿನ ನಂಬರ್ ಒನ್.) ಈ ಚಿತ್ರದಲ್ಲಿ ಅವನಿಗೆ ಬರಬೇಕಾಗಿದ್ದದ್ದು ಆ ಒಂದು ಹಾಡಲ್ಲ. ಹೀರೋನ ಅಪ್ಪನ ಪಾತ್ರ! ಸಂಭಾವನೆ ಒಂದು ಲಕ್ಷ ಡಾಲರ್ ಅಂತ ಹೇಳುತ್ತಾರೆ. ಹೀರೋ ಜಾಲ್ಸನ್‌ಗೇ ಸಿಕ್ಕಿದ್ದು ಎಪ್ಪತ್ತೈದು ಸಾವಿರ. ಹಾಗಾಗಿ ಈ ಲಕ್ಷದ ಲೆಕ್ಕದಲ್ಲಿ ಪ್ರಚಾರದ ಗಾಳಿ ಸ್ವಲ್ಪ ಸೇರಿರಬಹುದು ಅನ್ನೋದು ನನ್ನ ಅನುಮಾನ. ಅರ್ಧ ಅಂತಲೇ ಇಟ್ಟುಕೊಳ್ಳಿ, ಬೇಕಾದರೆ ಕಾಲು ಅನ್ನಿ. ಎರಡೇ ವರ್ಷದ ಹಿಂದೆ ದಿವಾಳಿಯೆದ್ದು ಕೋರ್ಟ್ ಮೆಟ್ಟಿಲು ಹತ್ತಿದ್ದ ಮನುಷ್ಯನಿಗೆ ಅದೇನು ಸಣ್ಣ ದುಡ್ಡೆ?

ಆದರೂ ಒಲ್ಲೆ ಅಂದ. ಯಾಕೆ?

ಕ್ಯಾಂಟರ್ ಅಂದರೆ ಯಾರು?

ಮೊದಲು ಇದನ್ನು ತಿಳಿಯದೆ ಕಥೆ ಅರ್ಥವಾಗುವುದಿಲ್ಲ. ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಸಿನಗಾಗ್ ಅಂತ ಹೆಸರು. ಅಲ್ಲಿ ಧರ್ಮ ಬೋಧಿಸುವವನು, ತೀರ್ಪು ಹೇಳುವವನು ರಬ್ಬಿ. ಜನರ ಪರವಾಗಿ ನಿಂತು ಪ್ರಾರ್ಥನೆಯನ್ನು ಹಾಡುವವನು ಕ್ಯಾಂಟರ್. ಹೀಬ್ರೂ ಭಾಷೆಯಲ್ಲಿ ಹಜಾನ್ ಅನ್ನುತ್ತಾರೆ. ಸಂಪ್ರದಾಯಸ್ಥ ಸಿನಗಾಗ್‌ನಲ್ಲಿ ಪಿಟೀಲಿಲ್ಲ, ಪಿಯಾನೋ ಇಲ್ಲ, ತಾಳ ತಂಬೂರಿ ಯಾವುದೂ ಇಲ್ಲ. ಇರುವುದು ಒಂದೇ ವಾದ್ಯ. ಗಂಟಲು! ಮೈಕ್ ಇಲ್ಲದ ಕಾಲದಲ್ಲಿ ಸಾವಿರಾರು ಜನ ತುಂಬಿದ ಮಂದಿರದ ಕೊನೇ ಬೆಂಚಿಗೂ ಅದು ಮುಟ್ಟಬೇಕು.

ಪ್ರಾರ್ಥನೆಯ ಮಾತುಗಳು ನಿಗದಿಯಾದದ್ದು, ಒಂದಕ್ಷರ ಆಚೀಚೆ ಮಾಡುವ ಹಾಗಿಲ್ಲ. ಆದರೆ ಧಾಟಿ ಕ್ಯಾಂಟರ್‌ನ ಕೈಲಿ. ಯಾವ ದಿನಕ್ಕೆ, ಯಾವ ಹೊತ್ತಿಗೆ ಯಾವ ಧಾಟಿ ಅಂತ ಚೌಕಟ್ಟು ಇರುತ್ತದೆ, ನಮ್ಮ ರಾಗಗಳಿಗೆ ಹೊತ್ತು ಹೇಳುವ ಹಾಗೆ. ಆ ಚೌಕಟ್ಟಿನೊಳಗೆ ಅವನು ಆಲಾಪನೆ ಮಾಡಬಹುದು, ಬಿರ್ಕ ಹಾಕಬಹುದು, ಒಂದೇ ಪದದ ಮೇಲೆ ಕೂತು ಅಳಬಹುದು. ಸಂಗೀತ ಬಲ್ಲ ಓದುಗರಿಗೆ ಒಂದು ಮಾತು. ಅವರ 'ಅಹವಾ ರಬ್ಬಾ' ಅನ್ನೋ ಧಾಟಿಯ ಸ್ವರಗಳನ್ನು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ, ನಮ್ಮ ವಕುಳಾಭರಣದ ಸ್ವರಗಳೇ ಬರುತ್ತವೆ! ಅವರಿಂದ ನಾವು ತಂದೆವೋ ನಮ್ಮಿಂದ ಅವರೋ ಅಂತ ಜಗಳಕ್ಕೆ ಇಳಿಯುವುದು ಬೇಡ. ಸಪ್ತಸ್ವರದೊಳಗೆ ಎಲ್ಲಿ ದುಃಖ ಅಡಗಿದೆ ಅಂತ ಹುಡುಕಿದವರಿಗೆ ಒಂದೇ ಜಾಗ ಸಿಕ್ಕಿದೆ, ಅಷ್ಟೆ.

ಈ ಯೋಸೆಲೆ ಹಾಡುಗಾರ ಮಾತ್ರ ಅಲ್ಲ, ಸಂಗೀತ ನಿರ್ದೇಶಕನೂ ಹೌದು. ತಾನು ಹಾಡಿದ ಎಷ್ಟೋ ಪ್ರಾರ್ಥನೆಗಳಿಗೆ ತಾನೇ ಧಾಟಿ ಕಟ್ಟಿದ. ಸಂಗೀತ ಶಾಲೆಯ ಮುಖ ನೋಡಿದವನಲ್ಲ. ಅಪ್ಪನೇ ಗುರು.

ಉಕ್ರೇನಿನಿಂದ ಹಾರ್ಲೆಮ್‌ಗೆ

ಹುಟ್ಟಿದ್ದು 1882ರಲ್ಲಿ. ಆಗ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದ, ಈಗ ಉಕ್ರೇನ್‌ನಲ್ಲಿರುವ ಬಿಲಾ ತ್ಸೆರ್ಕ್ವಾ ಎಂಬ ಊರಿನಲ್ಲಿ. ಅಪ್ಪನೂ ಕ್ಯಾಂಟರ್, ಭಾರೀ ದೈವಭಕ್ತ. ಮನೆಯಲ್ಲಿ ದುಡ್ಡು ಕಡಿಮೆ, ದೇವರ ಭಯ ಜಾಸ್ತಿ. ಹುಡುಗನಿಗೆ ಏಳು ವರ್ಷ ಇರುವಾಗ ಕುಟುಂಬ ಸಾದಿಗೂರ ಎಂಬ ಊರಿಗೆ ಬಂತು. ಅದು ಆಸ್ಟ್ರಿಯಾ ದೊರೆಯ ಸೀಮೆ. ಅಪ್ಪನ ಜೊತೆ ಊರೂರು ಸುತ್ತಿ ಹಾಡುತ್ತಾ ಬೆಳೆದ. ಪುಟ್ಟ ಯೋಸೆಫ್ ಜನರ ಬಾಯಲ್ಲಿ 'ಯೋಸೆಲೆ' ಆದದ್ದು ಹಾಗೆ. ನಮ್ಮಲ್ಲಿ ಪುಟ್ಟಸ್ವಾಮಿ ಅಜ್ಜನಾದರೂ ಪುಟ್ಟಸ್ವಾಮಿಯೇ ಅಲ್ಲವೇ, ಇವನೂ ಸಾಯುವವರೆಗೆ ಯೋಸೆಲೆಯಾಗಿಯೇ ಉಳಿದ.

ಹದಿನೆಂಟಕ್ಕೆ ಮುಂಕಾಚ್‌ನಲ್ಲಿ ಮೊದಲ ನೌಕರಿ. ಆಮೇಲೆ ಪ್ರೆಸ್‌ಬರ್ಗ್ (ಇವತ್ತಿನ ಬ್ರಾಟಿಸ್ಲಾವಾ), 1906ರಲ್ಲಿ ಜರ್ಮನಿಯ ಹ್ಯಾಂಬರ್ಗ್, 1912ರಲ್ಲಿ ಹಡಗು ಹತ್ತಿ ನ್ಯೂಯಾರ್ಕ್. ಹಾರ್ಲೆಮ್ ಬಡಾವಣೆಯ ಓಹಬ್ ಝೆಡೆಕ್ ಎಂಬ ಹಂಗೇರಿ ಯಹೂದಿಗಳ ಸಿನಗಾಗ್‌ನಲ್ಲಿ ಕ್ಯಾಂಟರ್ ಆದ.

ಕಾಲವೂ ಕೂಡಿ ಬಂದಿತ್ತು. 1881ರಿಂದ 1924ರವರೆಗೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಗುಳೆ ಬಂದರು. ಹೊಲಿಗೆ ಕಾರ್ಖಾನೆಯಲ್ಲಿ ಹಗಲೂ ರಾತ್ರಿ ದುಡಿಯುವ ಜನ. ಬಿಟ್ಟು ಬಂದ ಊರು, ಬಿಟ್ಟು ಬಂದ ಅಪ್ಪ ಅಮ್ಮ ಎಲ್ಲ ಅವರಿಗೆ ಸಿಗುತ್ತಿದ್ದದ್ದು ಕ್ಯಾಂಟರ್‌ನ ಗಂಟಲಿನಲ್ಲಿ. ಯೋಸೆಲೆ ಎಲ್ಲಿ ಹಾಡುತ್ತಾನೋ ಅಲ್ಲಿ ಹೌಸ್‌ಫುಲ್!

ಅವನ ಗಂಟಲಿನ ವಿಶೇಷ ಏನು? ಟೆನರ್ ಸ್ವರ. ಗಟ್ಟಿ ಧ್ವನಿಯಿಂದ ಕಳ್ಳಧ್ವನಿಗೆ (ಫಾಲ್ಸೆಟೋ ಅನ್ನುತ್ತಾರೆ) ಜಾರುವಾಗ ಎಲ್ಲಿ ಗೇರ್ ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ. ಆ ಎತ್ತರದಲ್ಲೂ ಮಣಿ ಪೋಣಿಸಿದ ಹಾಗೆ ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ. ಇನ್ನೊಂದು, ಅವನ ಬಿಕ್ಕು. ಹಾಡುತ್ತಾ ಹಾಡುತ್ತಾ ಸ್ವರ ಒಡೆದು ಒಂದು ಬಿಕ್ಕಳಿಕೆ ಬರುತ್ತದೆ. ಅಳುವಿನ ನಟನೆ ಅಂದುಕೊಳ್ಳಬೇಡಿ, ಅದೂ ಶ್ರುತಿಯಲ್ಲೇ ಇರುತ್ತದೆ! ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಹೀಬ್ರೂ ಎಲ್ಲಿಂದ ಬರಬೇಕು? ಆದರೂ 'ಉವ್ನುಖೋ ಯೋಮಾರ್' ಅಂತ ಅವನದೇ ಧಾಟಿಯ ಒಂದು ರೆಕಾರ್ಡಿದೆ. ಧರ್ಮಗ್ರಂಥದ ಸುರುಳಿಯನ್ನು ಮತ್ತೆ ಪೆಟ್ಟಿಗೆಯಲ್ಲಿಡುವಾಗ ಹೇಳುವ ಪ್ರಾರ್ಥನೆ. ಅದನ್ನು ಕೇಳಿದ ರಾತ್ರಿ ಊಟ ಮಾಡಲು ಮನಸ್ಸಾಗಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಗ್ರಾಮಫೋನ್ ಕಂಪನಿಗಳು ಬಿಡುತ್ತವೆಯೇ! ಕೊಲಂಬಿಯಾ, ವಿಕ್ಟರ್ ಎರಡೂ ಅವನ ತಟ್ಟೆಗಳನ್ನು ತಂದವು. 'ಟೈಟಾನಿಕ್' ಸಿನಿಮಾ ನೋಡಿ ಅತ್ತವರಿಗೆ ಒಂದು ಸುದ್ದಿ. ಆ ಹಡಗು ನಿಜವಾಗಿ ಮುಳುಗಿದ ಮರುವರ್ಷ, 1913ರಲ್ಲಿ, ಸತ್ತವರ ಶಾಂತಿಗಾಗಿ ಹೇಳುವ ಪ್ರಾರ್ಥನೆಯನ್ನು ಟೈಟಾನಿಕ್‌ನಲ್ಲಿ ಮಡಿದವರ ಹೆಸರಿನಲ್ಲಿ ಯೋಸೆಲೆ ಕೊಲಂಬಿಯಾ ರೆಕಾರ್ಡಿಗೆ ಹಾಡಿದ್ದಾನೆ. ಇವತ್ತಿಗೂ ಕೇಳಲು ಸಿಗುತ್ತದೆ.

ಮೊದಲ 'ಬೇಡ'

1918. ಶಿಕಾಗೋ ಒಪೆರಾ ಕಂಪನಿಯ ದೊಡ್ಡ ಯಜಮಾನ ಕ್ಲೆಯೊಫೋಂಟೆ ಕಾಂಪಾನೀನಿ ಯೋಸೆಲೆಯ ಬೆನ್ನು ಬಿದ್ದ. ಅಲೆವಿ ಎಂಬ ಫ್ರೆಂಚ್ ಸಂಗೀತಗಾರನ 'ಲಾ ಜ್ವೀವ್' ಅನ್ನೋ ಒಪೆರಾದಲ್ಲಿ ಎಲಿಯಾಝರ್ ಎಂಬ ಯಹೂದಿ ಅಕ್ಕಸಾಲಿಯ ಪಾತ್ರ. ಯೋಸೆಲೆಗೆ ಹೇಳಿ ಮಾಡಿಸಿದಂಥದು. ಸಂಭಾವನೆ? ರಾತ್ರಿಯೊಂದಕ್ಕೆ ಸಾವಿರ ಡಾಲರ್! ಆಗ ಫೋರ್ಡ್ ಕಂಪನಿಯ ಹೊಸ ಮಾಡೆಲ್ ಟಿ ಕಾರು ಸಾವಿರಕ್ಕಿಂತ ಎಷ್ಟೋ ಕಡಿಮೆಗೆ ಬರುತ್ತಿತ್ತು. ದಿನಕ್ಕೊಂದು ಕಾರು ಮನೆ ಮುಂದೆ ನಿಲ್ಲಿಸಬಹುದಿತ್ತು ಅನ್ನಿ.

ಕಾಂಪಾನೀನಿ ಬುದ್ಧಿವಂತ. ಇವನು ಯಾವ ಯಾವ ತಕರಾರು ತೆಗೆಯಬಹುದು ಅಂತ ಮೊದಲೇ ಯೋಚಿಸಿ ಎಲ್ಲಕ್ಕೂ ಒಪ್ಪಿಕೊಂಡೇ ಬಂದ. ಗಡ್ಡ ತೆಗೆಯುವುದು ಬೇಡ. ಶುಕ್ರವಾರ ರಾತ್ರಿ, ಶನಿವಾರ ಹಾಡುವುದು ಬೇಡ. (ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿಯವರೆಗೆ ಯಹೂದಿಗಳಿಗೆ ಸಬ್ಬತ್. ಕೆಲಸ ಮುಟ್ಟುವ ಹಾಗಿಲ್ಲ.) ಹಬ್ಬಗಳಲ್ಲಿ ಸಿನಗಾಗ್ ಬಿಟ್ಟು ಬರುವುದೂ ಬೇಡ. ಇನ್ನೇನು ಉಳಿಯಿತು?

ಉಳಿದದ್ದು ಒಂದೇ. ವೇಷ ಕಟ್ಟಿ ರಂಗದ ಮೇಲೆ ನಿಲ್ಲುವುದು. ಪ್ರಾರ್ಥನೆ ಹೇಳುವ ಬಾಯಿ ಒಪೆರಾಕ್ಕೆ ಸಲ್ಲದು ಅಂತ ಉತ್ತರ ಹೋಯಿತು. ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಸಾವಿರ ಡಾಲರ್ ಬೇಡ ಅಂದ ಮನುಷ್ಯ ಯಾರಪ್ಪಾ ಅಂತ ಯಹೂದಿಗಳಲ್ಲದವರೂ ಅವನ ಕಚೇರಿಗೆ ಟಿಕೆಟ್ ಕೊಳ್ಳಲು ಶುರು ಮಾಡಿದರು. ಕಾರ್ನೆಗಿ ಹಾಲ್‌ನಂಥ ದೊಡ್ಡ ಜಾಗದಲ್ಲಿ ಕಚೇರಿಗಳಾದವು. ಕರುಸೊ ಇವನ ಹಾಡು ಕೇಳಿ ಮುತ್ತಿಟ್ಟ ಅಂತಲೂ ಒಂದು ಕಥೆ ಉಂಟು. ಕಥೆ ಕಥೆಯಾಗಿಯೇ ಇರಲಿ. ಆದರೆ ಇದು ನಿಜ: ಯೋಸೆಲೆ ಬೇಡ ಅಂದ ಆ ಎಲಿಯಾಝರ್ ಪಾತ್ರವನ್ನು ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಕರುಸೊ ಮಾಡಿದ. 1920ರ ಡಿಸೆಂಬರ್ 24ರಂದು ಕರುಸೊ ತನ್ನ ಜೀವನದಲ್ಲಿ ಕೊನೆಯ ಸಲ ಒಪೆರಾ ಹಾಡಿದ್ದೂ ಅದೇ ಪಾತ್ರದಲ್ಲಿ. ಅಂಟಿಸಿಕೊಂಡ ಗಡ್ಡದಲ್ಲಿ!

ಒಪೆರಾ ಬೇಡ, ಕಚೇರಿ ಆಗಬಹುದು. ಇದೆಂಥ ನ್ಯಾಯ ಅಂತ ಆಗಲೂ ಕೇಳಿದವರಿದ್ದರು. ನನಗೇನೋ ಇದು ಅರ್ಥವಾಗುತ್ತದೆ. ಕಚೇರಿಯಲ್ಲಿ ನಿಂತವನು ಯೋಸೆಲೆಯೇ. ಒಪೆರಾದಲ್ಲಿ ನಿಲ್ಲಬೇಕಾದವನು ಬೇರೆ ಯಾರೋ. ಗೆರೆ ಅವನು ಎಳೆದದ್ದು ಅಲ್ಲಿ.

ಬಿದ್ದ ಪೆಟ್ಟು

ದುಡ್ಡು ಬಂತು. ನಿಲ್ಲಲಿಲ್ಲ. ಎಂಟು ಮಕ್ಕಳ ಸಂಸಾರ. ಅದಲ್ಲದೆ ಮನೆ ಬಾಗಿಲು ಯಾರಿಗೂ ಮುಚ್ಚಿದ್ದಲ್ಲ. ಕಷ್ಟ ಅಂತ ಬಂದವನಿಗೆ ಜೇಬಿಗೆ ಕೈ ಹಾಕಿ ಸಿಕ್ಕಷ್ಟು ಕೊಡುವ ಮನುಷ್ಯ. ಇಂಥವನನ್ನು ಹುಡುಕಿಕೊಂಡು ಬರುವವರು ಯಾವ ದೇಶದಲ್ಲಿಲ್ಲ? ಧರ್ಮ ಪ್ರಚಾರಕ್ಕೆ ಯಿಡ್ಡಿಷ್ ಭಾಷೆಯಲ್ಲಿ ಒಂದು ಪತ್ರಿಕೆ ಮಾಡೋಣ ಅಂದರು. 'ಇಸ್ರೇಲಿನ ಬೆಳಕು' ಅಂತ ಹೆಸರು. ಯೋಸೆಲೆ ದುಡ್ಡು ಹಾಕಿದ. ಸಾಲದ ಕಾಗದಗಳ ಮೇಲೆ ರುಜುವನ್ನೂ ಹಾಕಿದ. ಅಲ್ಲಿಗೆ ಮುಗೀತು! ಚಿತ್ರ ನಿರ್ಮಾಣಕ್ಕೆ ಇಳಿದು ಮನೆ ಮಾರಿಕೊಂಡ ನಟರ ಕಥೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪತ್ರಿಕೆ ಮುಳುಗಿತು, ಸಾಲ ಇವನ ತಲೆಗೆ ಬಂತು. 1925ರ ಜನವರಿಯಲ್ಲಿ ದಿವಾಳಿ ಅರ್ಜಿ.

ಕಾನೂನು ಪ್ರಕಾರ ದಿವಾಳಿ ಅಂದರೆ ಸಾಲ ಮನ್ನಾ. ಕೈ ತೊಳೆದುಕೊಂಡು ಮನೆಗೆ ಹೋಗಬಹುದು. ಯೋಸೆಲೆ ಹಾಗೆ ಮಾಡಲಿಲ್ಲ. ನನ್ನ ರುಜು ನಂಬಿ ಕೊಟ್ಟವರಿಗೆ ಪೈಸೆ ಪೈಸೆ ತೀರಿಸುತ್ತೇನೆ ಅಂತ ಹೊರಟ. ಎಲ್ಲಿಗೆ ಹೊರಟ ಅನ್ನುವುದು ಮುಖ್ಯ. ವಾಡೆವಿಲ್‌ಗೆ!

ವಾಡೆವಿಲ್ ಅಂದರೆ ಅಮೆರಿಕದ ವಿವಿಧ ವಿನೋದಾವಳಿ. ಒಂದೇ ಟಿಕೆಟ್ಟಿಗೆ ಹತ್ತು ಐಟಂ. ದೊಂಬರಾಟ, ನಾಯಿಯ ಸರ್ಕಸ್ಸು, ಹಾಸ್ಯಗಾರರು, ತುಂಡು ಲಂಗದ ಕುಣಿತ. ಇವುಗಳ ನಡುವೆ ಕರಿ ಕೋಟು, ಟೋಪಿ, ಗಡ್ಡದ ಕ್ಯಾಂಟರ್. ಊರಿಂದ ಊರಿಗೆ ರೈಲು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆ ಕತ್ತಲಾಗುವವರೆಗೆ ಮಾತ್ರ ರಂಗ ಹತ್ತುವುದಿಲ್ಲ. ಅದು ಕರಾರು. ಥಿಯೇಟರಿನವರಿಗೆ ವಾರದಲ್ಲಿ ಹೆಚ್ಚು ಗಲ್ಲಾ ಆಗುವುದೇ ಆ ಹೊತ್ತಿಗೆ! ಆದರೂ ಒಪ್ಪಿಕೊಂಡರು. ಅಷ್ಟು ಜನ ಬರುತ್ತಿದ್ದರು.

ಯೋಚನೆ ಮಾಡಿ. ಏಳು ವರ್ಷದ ಹಿಂದೆ ಒಪೆರಾದಂಥ ಗೌರವದ ರಂಗವನ್ನೇ ಬೇಡ ಅಂದವನು. ಈಗ ನಾಯಿ ಕುಣಿದು ಇಳಿದ ಹಲಗೆಯ ಮೇಲೆ ನಿಂತು ಹಾಡುತ್ತಿದ್ದಾನೆ. ಆಡಿಕೊಳ್ಳುವವರು ಆಡಿಕೊಂಡರು, ಮರುಗುವವರು ಮರುಗಿದರು. ಸಾಲಗಾರನಾಗಿ ಸಾಯುವುದು ಹೆಚ್ಚಿನ ಅವಮಾನ ಅಂತ ಅವನ ಲೆಕ್ಕ.

ಇದು ಅವನ ಪರಿಸ್ಥಿತಿ. ಈಗ ವಾರ್ನರ್ ಬ್ರದರ್ಸ್ ಬಾಗಿಲು ತಟ್ಟಿದರು.

ಎರಡನೇ 'ಬೇಡ'

'ಜಾಝ್ ಸಿಂಗರ್' ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ. ನ್ಯೂಯಾರ್ಕಿನ ಬಡ ಕ್ಯಾಂಟರ್ ಒಬ್ಬ. ಐದು ತಲೆಮಾರಿನ ವೃತ್ತಿ ಮಗನೂ ಮಾಡಲಿ ಅಂತ ಆಸೆ. ಮಗನಿಗೆ ಜಾಝ್ ಹುಚ್ಚು. ಅಪ್ಪ ಬಾರಿಸಿದ, ಮಗ ಮನೆ ಬಿಟ್ಟ, ಹೆಸರು ಬದಲಾಯಿಸಿಕೊಂಡು ಸ್ಟಾರ್ ಆದ. ದೊಡ್ಡ ನಾಟಕದ ಮೊದಲ ಪ್ರದರ್ಶನದ ದಿನವೇ ಅಪ್ಪ ಹಾಸಿಗೆ ಹಿಡಿದಿದ್ದಾನೆ. ಅವತ್ತೇ ಯೋಮ್ ಕಿಪ್ಪೂರ್, ವರ್ಷದ ಪಾಪಗಳಿಗೆಲ್ಲ ಕ್ಷಮೆ ಕೇಳುವ ದಿನ. ಸಿನಗಾಗ್‌ನಲ್ಲಿ ಹಾಡುವವರಿಲ್ಲ. ಮಗ ರಂಗ ಬಿಟ್ಟು ಓಡಿ ಬಂದು 'ಕೋಲ್ ನಿದ್ರೆ' ಹಾಡುತ್ತಾನೆ, ಅದನ್ನು ಕೇಳುತ್ತಾ ಅಪ್ಪ ಕಣ್ಣು ಮುಚ್ಚುತ್ತಾನೆ. ('ಕೋಲ್ ನಿದ್ರೆ' ಅಂದರೆ 'ಎಲ್ಲ ಹರಕೆಗಳು' ಅಂತ ಅರ್ಥ. ನಮ್ಮ ನಿದ್ರೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ!)

ಇದನ್ನು ಬರೆದವನು ಸ್ಯಾಮ್ಸನ್ ರಾಫೆಲ್ಸನ್. 1917ರಲ್ಲಿ ಕಾಲೇಜು ಹುಡುಗನಾಗಿದ್ದಾಗ ಜಾಲ್ಸನ್ ರಂಗದ ಮೇಲೆ ಹಾಡುವುದನ್ನು ನೋಡಿ, ಇವನ ಗಂಟಲಿನಲ್ಲಿ ಕ್ಯಾಂಟರ್ ಇದ್ದಾನಲ್ಲ ಅಂತ ಹೊಳೆಯಿತಂತೆ. ಹೊಳೆದದ್ದು ಸರಿಯೇ. ಜಾಲ್ಸನ್‌ನ ಅಪ್ಪ ವಾಷಿಂಗ್ಟನ್‌ನಲ್ಲಿ ಕ್ಯಾಂಟರ್ ಆಗಿದ್ದ, ಮಗ ಮನೆ ಬಿಟ್ಟು ಓಡಿ ಸ್ಟಾರ್ ಆಗಿದ್ದ!

ಹೀಗೆ ಮಗನ ಪಾತ್ರಕ್ಕೆ ನಿಜವಾದ ಮಗನೇ ಸಿಕ್ಕ. ಅಪ್ಪನ ಪಾತ್ರಕ್ಕೆ ನಿಜವಾದ ಕ್ಯಾಂಟರ್ ಬೇಕು ಅಂತ ವಾರ್ನರ್ ಸೋದರರ ಆಸೆ. ಅವರೂ ಯಹೂದಿಗಳೇ, ಯೋಸೆಲೆ ಹೆಸರಿನ ಬೆಲೆ ಗೊತ್ತಿದ್ದವರು. ಬಣ್ಣ ಹಚ್ಚಬೇಕು, ಕ್ಯಾಮೆರಾ ಮುಂದೆ ಕೋಲ್ ನಿದ್ರೆ ಹಾಡಬೇಕು.

ಯೋಸೆಲೆಗೆ ಸಿನಿಮಾದ ಮೇಲೆ ದ್ವೇಷ ಇರಲಿಲ್ಲ ಅನ್ನೋದನ್ನು ನೆನಪಿಡಿ. ವಾರ್ನರ್ ಅವರ ವೈಟಾಫೋನ್ ಯಂತ್ರದ ಮುಂದೆ ನಿಂತು ಕಿರುಚಿತ್ರಗಳಲ್ಲಿ ಹಾಡಿದವನೇ. ಆದರೆ ಕೋಲ್ ನಿದ್ರೆ ವರ್ಷಕ್ಕೊಂದು ಸಂಜೆ, ಉಪವಾಸ ಹಿಡಿದ ಜನರ ನಡುವೆ, ದೇವರ ಎದುರು ಹೇಳುವಂಥದು. ಟಿಕೆಟ್ ಹರಿದು ಒಳಗೆ ಬಂದವರ ಮುಂದೆ, ದಿನಕ್ಕೆ ನಾಲ್ಕು ಆಟದ ಹಾಗೆ ಅದನ್ನು ಹೇಳುವುದು ಅವನಿಂದಾಗಲಿಲ್ಲ. ಲಕ್ಷ ಡಾಲರ್ ವಾಪಸ್ ಹೋಯಿತು. ಆ ದುಡ್ಡಿನಲ್ಲಿ ಸಾಲ ಎಷ್ಟು ಇಳಿಯುತ್ತಿತ್ತು, ಎಷ್ಟು ರೈಲು ಪ್ರಯಾಣ, ಎಷ್ಟು ನಾಯಿ ಕುಣಿತ ತಪ್ಪುತ್ತಿತ್ತು! ಅವನ ಹೆಂಡತಿ ಏನಂದಳೋ.

ಕೊನೆಗೆ ರಾಜಿ ಆದದ್ದು ಹೀಗೆ. ಪಾತ್ರ ಇಲ್ಲ, ಬಣ್ಣ ಇಲ್ಲ. ರೋಸೆನ್‌ಬ್ಲಾಟ್ ರೋಸೆನ್‌ಬ್ಲಾಟನಾಗಿಯೇ ಒಂದು ಕಚೇರಿ ದೃಶ್ಯದಲ್ಲಿ ಹಾಡುವುದು. ಅದೂ ಪ್ರಾರ್ಥನೆ ಅಲ್ಲ, 'ಯಾರ್ಟ್‌ಸೈಟ್ ಲಿಖ್ಟ್' ಎಂಬ ಬೇರೆ ಹಾಡು. ಸತ್ತವರ ವಾರ್ಷಿಕದ ದಿನ ಹಚ್ಚುವ ದೀಪದ ಮೇಲಿನದು. ಶಿಕಾಗೋದಲ್ಲಿ ಊರು ಸುತ್ತುತ್ತಿರುವ ಹೀರೋ ಆ ಕಚೇರಿಗೆ ಹೋಗುತ್ತಾನೆ, ಕೇಳುತ್ತಾ ಕೇಳುತ್ತಾ ಅಪ್ಪ ನೆನಪಾಗುತ್ತಾನೆ. ಕಥೆ ತಿರುವು ತೆಗೆದುಕೊಳ್ಳುವುದು ಅಲ್ಲೇ. ನನ್ನ ಮಾತು ಕೇಳುವುದಾದರೆ, ಇಡೀ ಚಿತ್ರದಲ್ಲಿ ಇವತ್ತಿಗೂ ಹಳಸದೆ ಉಳಿದಿರುವುದು ಆ ದೃಶ್ಯ. ಜಾಲ್ಸನ್ ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷದಲ್ಲಿ ಹಾಡುವುದನ್ನು ಈಗ ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಅಪ್ಪನ ಪಾತ್ರ ಯಾರಿಗೆ ಹೋಯಿತು ಗೊತ್ತೆ? ವಾರ್ನರ್ ಓಲಂಡ್ ಎಂಬ ಸ್ವೀಡನ್ನಿನ ನಟನಿಗೆ! ಇದೇ ಆಸಾಮಿ ಮುಂದೆ ಚಾರ್ಲಿ ಚಾನ್ ಎಂಬ ಚೀನೀ ಪತ್ತೇದಾರನ ಪಾತ್ರದಲ್ಲಿ ಹೆಸರು ಮಾಡಿದ. ಇವನಿಗೆ ಹಾಡಲು ಬಾರದು. ಅದಕ್ಕೆ ಜೋಸೆಫ್ ಡಿಸ್ಕೇ ಎಂಬ ಗಾಯಕನ ಧ್ವನಿ ಇಟ್ಟರು. ಹಿನ್ನೆಲೆ ಗಾಯನ ನಮ್ಮ ಮದರಾಸು, ಬೊಂಬಾಯಿಯವರ ಸೊತ್ತು ಅಂತ ಬೀಗುವವರು ಕಿವಿಗೊಡಿ. ಮೊದಲ ಟಾಕಿಯಲ್ಲೇ ಒಬ್ಬನ ಬಾಯಿಗೆ ಇನ್ನೊಬ್ಬನ ಗಂಟಲು!

ವೈಟಾಫೋನ್ ಬಗ್ಗೆ ಒಂದು ಮಾತು. ಫಿಲಂ ಮೇಲೆ ಧ್ವನಿ ಇರುತ್ತಿರಲಿಲ್ಲ. ಹದಿನಾರು ಅಂಗುಲದ ದೊಡ್ಡ ತಟ್ಟೆಗಳಲ್ಲಿ ಧ್ವನಿ. ಪ್ರೊಜೆಕ್ಟರಿಗೂ ತಟ್ಟೆ ತಿರುಗಿಸುವ ಯಂತ್ರಕ್ಕೂ ಗಂಟು. ಮುಳ್ಳು ಒಂದು ಗೆರೆ ಹಾರಿತೋ, ಹೀರೋ ಬಾಯಿ ಮುಚ್ಚಿದ ಮೇಲೆ ಹಾಡು ಕೇಳುತ್ತಿತ್ತು! ಆಪರೇಟರ್ ಕೈ ಎದೆ ಮೇಲೆ. ಈ ಯಂತ್ರವನ್ನು ನಂಬಿ ಅಣ್ಣತಮ್ಮಂದಿರನ್ನು ಒಪ್ಪಿಸಿದವನು ಸ್ಯಾಮ್ ವಾರ್ನರ್. ಬಿಡುಗಡೆಯ ಹಿಂದಿನ ದಿನವೇ ತೀರಿಕೊಂಡ. ಮರುದಿನ ನ್ಯೂಯಾರ್ಕಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ವಾರ್ನರ್ ಸೋದರರು ಒಬ್ಬರೂ ಅಲ್ಲಿರಲಿಲ್ಲ. ಅವತ್ತು ಯಾವ ದಿನ? ಯೋಮ್ ಕಿಪ್ಪೂರ್! ಚಿತ್ರದ ಕ್ಲೈಮಾಕ್ಸಿನ ದಿನವೇ. ಸಂಜೆ ವ್ರತ ಮುಗಿದ ಮೇಲೆ ಆಟ ಹಾಕಿದ್ದರು.

ಮೃತ ಸಮುದ್ರದ ದಂಡೆ

ಮುಂದಿನ ವರ್ಷಗಳು ಹೇಳಿಕೊಳ್ಳುವಂಥವಲ್ಲ. ಬ್ರೂಕ್ಲಿನ್‌ನ ಇನ್ನೊಂದು ಸಿನಗಾಗ್ ಒಳ್ಳೆ ಸಂಬಳಕ್ಕೆ ಕರೆಯಿತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಭಕ್ತರ ಜೇಬೇ ಖಾಲಿಯಾದ ಮೇಲೆ ಕ್ಯಾಂಟರ್‌ಗೆ ಯಾರು ಕೊಡುತ್ತಾರೆ? ವಾಡೆವಿಲ್ಲೂ ಸತ್ತಿತು. ಅದನ್ನು ಕೊಂದದ್ದು ಟಾಕಿ. ಅಂದರೆ ಯೋಸೆಲೆ ಒಂದು ಹಾಡು ಕೊಟ್ಟ ಅದೇ ಚಿತ್ರದ ಮಕ್ಕಳು ಮರಿಗಳು!

1933ರಲ್ಲಿ ಮತ್ತೊಂದು ಸಿನಿಮಾ ಬಂತು. ಈ ಸಲ ಬೇಡ ಅನ್ನಲಿಲ್ಲ. ಹೆಸರು 'ನನ್ನ ಜನರ ಕನಸು'. ಪ್ಯಾಲೆಸ್ಟೈನ್‌ನಲ್ಲಿ ಚಿತ್ರೀಕರಣ. ಆಗ ಅದು ಬ್ರಿಟಿಷರ ಕೈಲಿತ್ತು. ಪ್ರಾರ್ಥನೆಗಳಲ್ಲಿ ಹೆಸರು ಬರುವ ಜಾಗಗಳಿಗೇ ಹೋಗಿ ಅಲ್ಲಿ ನಿಂತು ಹಾಡುವುದು. ವೇಷ ಇಲ್ಲ, ಸೆಟ್ ಇಲ್ಲ. ಯೋಸೆಲೆ ಯೋಸೆಲೆಯಾಗಿಯೇ. ಹೆಂಡತಿಯನ್ನೂ ಕರೆದುಕೊಂಡು ಹೋದ. ಜೆರುಸಲೆಮ್ ಗೋಡೆ, ಜೋರ್ಡನ್ ನದಿ, ಯಾವುದರ ಬಗ್ಗೆ ಜೀವಮಾನವಿಡೀ ಹಾಡಿದ್ದನೋ ಅದನ್ನೆಲ್ಲ ಕಣ್ಣಾರೆ ನೋಡಿದ. ಇಲ್ಲೇ ಉಳಿದುಬಿಡುತ್ತೇನೆ, ಯುರೋಪಿನಲ್ಲಿ ಒಂದು ಸುತ್ತು ಕಚೇರಿ ಮಾಡಿ ದುಡ್ಡು ಹೊಂದಿಸಿಕೊಂಡು ಬರುತ್ತೇನೆ ಅಂತ ಯೋಜನೆ ಹಾಕಿದ.

ಜೂನ್ ತಿಂಗಳು. ಅಲ್ಲಿನ ಬಿಸಿಲು ರಾಯಚೂರಿನ ಬಿಸಿಲಿಗೆ ಅಣ್ಣ. ಮೃತ ಸಮುದ್ರದ ಕಡೆ ದಿನವೆಲ್ಲ ಶೂಟಿಂಗ್. ಮೈ ಸರಿಯಿಲ್ಲ ಅಂತ ಜೆರುಸಲೆಮ್‌ಗೆ ಮರಳಿದ ಯೋಸೆಲೆ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಐವತ್ತೊಂದು.

ಸಾವಿರಾರು ಜನ ಸೇರಿದರು. ಆ ನಾಡಿನ ಮುಖ್ಯ ರಬ್ಬಿ ಅಬ್ರಹಾಂ ಐಸಾಕ್ ಕೂಕ್ ಅವರೇ ನಿಂತು ಚರಮಭಾಷಣ ಮಾಡಿದರು. ಆಲಿವ್ ಗುಡ್ಡದ ಮೇಲೆ ಮಣ್ಣು ಮಾಡಿದರು. ರಬ್ಬಿಯಾಗಿದ್ದ ಮಗ ಸ್ಯಾಮ್ಯುಯೆಲ್ 1954ರಲ್ಲಿ ಅಪ್ಪನ ಜೀವನಚರಿತ್ರೆ ಬರೆದ.

ಯೋಸೆಲೆ ಮೊದಲು ನೌಕರಿಗೆ ನಿಂತ ಮುಂಕಾಚ್‌ನ ಯಹೂದಿಗಳನ್ನು 1944ರಲ್ಲಿ ನಾಜಿಗಳು ರೈಲು ತುಂಬಿಸಿ ಔಷ್ವಿಟ್ಸ್‌ಗೆ ಕಳಿಸಿದರು. ಅವನ ಕಾಲದ ಇನ್ನೊಬ್ಬ ಮಹಾನ್ ಕ್ಯಾಂಟರ್ ಗೆರ್ಶೋನ್ ಸಿರೋಟಾ 1943ರಲ್ಲಿ ವಾರ್ಸಾದ ಯಹೂದಿ ಕೇರಿಯಲ್ಲಿ ಸತ್ತ. ಆ ಊರುಗಳಲ್ಲಿ ಹಾಗೆ ಹಾಡುವವರು ಇರಲಿ, ಕೇಳುವವರೂ ಉಳಿಯಲಿಲ್ಲ. ಹಳೇ ತಟ್ಟೆಗಳು ಉಳಿದವು.

'ಜಾಝ್ ಸಿಂಗರ್' ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2023ರ ಜನವರಿಗೆ ಮುಗಿದಿದೆ. ಮೊಬೈಲ್ ಇದ್ದವರು ಕಾಸು ಕೊಡದೆ ನೋಡಬಹುದು. ಶಿಕಾಗೋ ದೃಶ್ಯ ಬಂದಾಗ ಮುಂದಕ್ಕೆ ಓಡಿಸಬೇಡಿ. 'ನನ್ನ ಜನರ ಕನಸು' 1934ರಲ್ಲಿ ಬಿಡುಗಡೆಯಾಯಿತು, ನಮ್ಮ 'ಸತಿ ಸುಲೋಚನ' ಬಂದ ವರ್ಷವೇ. ಅದರಲ್ಲಿ ಯೋಸೆಲೆ ಬಿಸಿಲಿನಲ್ಲಿ ಟೋಪಿ ಹಾಕಿಕೊಂಡು ನಿಂತು ಹಾಡುತ್ತಿದ್ದಾನೆ.